ಜೇನು ಸಾಕಣೆ ಹವ್ಯಾಸದಿಂದ ಉದ್ಯಮವಾಗಬೇಕೆ? ಐವತ್ತು ಪೆಟ್ಟಿಗೆ ಇಡುವ ಮುನ್ನ ಈ ಲೆಕ್ಕ ಹಾಕಿ

ಊರಿನ ತೋಟದಲ್ಲಿ ಎರಡು ಜೇನು ಪೆಟ್ಟಿಗೆ ಇಟ್ಟು, ವರ್ಷಕ್ಕೆ ಹತ್ತು ಹನ್ನೆರಡು ಕಿಲೋ ಜೇನುತುಪ್ಪ ತೆಗೆದು, ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ನೆಂಟರಿಷ್ಟರಿಗೆ ಹಂಚಿದವರಿಗೆ ಒಂದಲ್ಲ ಒಂದು ದಿನ ಈ ಯೋಚನೆ ಬಂದೇ ಬರುತ್ತದೆ. ಎರಡು ಪೆಟ್ಟಿಗೆಯಿಂದ ಹನ್ನೆರಡು ಕಿಲೋ ಬಂದರೆ ನೂರು ಪೆಟ್ಟಿಗೆಯಿಂದ ಆರುನೂರು ಕಿಲೋ ಬರಬೇಕಲ್ಲ? ಕೆಲಸ ಬಿಟ್ಟು ಊರಿಗೆ ಹೋಗಿ ಇದನ್ನೇ ಮಾಡಿದರೆ ಹೇಗೆ?

ಗುಣಾಕಾರ ಕಾಗದದ ಮೇಲೆ ಸರಿಯಾಗಿಯೇ ಇದೆ. ತೋಟದಲ್ಲಿ ಅದು ಹಾಗೆ ನಡೆಯುವುದಿಲ್ಲ. ಹತ್ತು ಪೆಟ್ಟಿಗೆಯವರೆಗೆ ಸುತ್ತಲಿನ ಹೂವು ಸಾಕು, ಮನೆಯವರ ಬಿಡುವಿನ ವೇಳೆ ಸಾಕು. ಐವತ್ತಕ್ಕೆ ಎರಡೂ ಸಾಲವು. ಹಾಗೆಂದು ವರ್ಷಪೂರ್ತಿ ಒಬ್ಬ ಆಳನ್ನು ಇಟ್ಟುಕೊಳ್ಳುವಷ್ಟು ಆದಾಯವೂ ಐವತ್ತು ಪೆಟ್ಟಿಗೆಯಿಂದ ಹುಟ್ಟುವುದಿಲ್ಲ. ಹವ್ಯಾಸದಿಂದ ಕಸುಬಿಗೆ ಹೊರಟವರು ಹೆಚ್ಚಾಗಿ ಸೋಲುವುದು ಈ ಹತ್ತರಿಂದ ಐವತ್ತರ ನಡುವೆಯೇ.

ತುಡುವೆಯೋ, ಮೆಲ್ಲಿಫೆರಾವೋ?

ಮೊದಲ ನಿರ್ಧಾರ ಜೇನಿನ ಜಾತಿಯದು. ಕರ್ನಾಟಕದಲ್ಲಿ ಹೆಜ್ಜೇನು, ಕೋಲುಜೇನು, ತುಡುವೆ, ಮುಜಂಟಿ ಮೊದಲಿನಿಂದಲೂ ಇವೆ. ಹೆಜ್ಜೇನು, ಕೋಲುಜೇನುಗಳು ಬಯಲಿನಲ್ಲಿ ಒಂದೇ ಎರಿ ಕಟ್ಟುವಂಥವು, ಪೆಟ್ಟಿಗೆಗೆ ಒಗ್ಗುವುದಿಲ್ಲ. ಮುಜಂಟಿಯ ತುಪ್ಪಕ್ಕೆ ಒಳ್ಳೆಯ ಬೆಲೆಯಿದೆ, ಆದರೆ ಒಂದು ಗೂಡಿನಿಂದ ವರ್ಷಕ್ಕೆ ಒಂದು ಕಿಲೋ ಸಿಗುವುದೂ ಕಷ್ಟ. ಉಳಿದದ್ದು ಎರಡು: ಮರದ ಪೊಟರೆಯ ಕತ್ತಲೆಯಲ್ಲಿ ಸಾಲಾಗಿ ಹಲವು ಎರಿ ಕಟ್ಟುವ ನಮ್ಮ ತುಡುವೆ, ಮತ್ತು ಹೊರದೇಶದಿಂದ ಬಂದ ಮೆಲ್ಲಿಫೆರಾ.

ಮೆಲ್ಲಿಫೆರಾವನ್ನು ಭಾರತದಲ್ಲಿ ನೆಲೆಯೂರಿಸುವ ಹಲವು ಯತ್ನಗಳು ವಿಫಲವಾದ ಮೇಲೆ, 1962ರಲ್ಲಿ ಕೀಟಶಾಸ್ತ್ರಜ್ಞ ಎ.ಎಸ್. ಅಟ್ವಾಲ್ ಅವರ ನೇತೃತ್ವದಲ್ಲಿ ಈಗ ಹಿಮಾಚಲ ಪ್ರದೇಶದಲ್ಲಿರುವ ನಗ್ರೋಟಾ ಬಗ್ವಾನ್‌ನಲ್ಲಿ ಅದು ಕೈಗೂಡಿತು. ಇಂದು ಪಂಜಾಬ್, ಹರಿಯಾಣ, ರಾಜಸ್ಥಾನಗಳ ಸಾಸಿವೆ ಹೊಲದ ಬದಿಯಲ್ಲಿ ಸಾಲುಸಾಲಾಗಿ ಕಾಣುವ ಪೆಟ್ಟಿಗೆಗಳಲ್ಲಿ ಇರುವುದು ಇದೇ. ಚಳಿಗಾಲದಲ್ಲಿ ದೆಹಲಿಯಿಂದ ಭರತ್‌ಪುರ, ಅಲ್ವರ್ ಕಡೆ ಹೋದವರು ಇವನ್ನು ನೋಡಿರುತ್ತೀರಿ.

ತುಡುವೆಯ ಒಂದು ಕುಟುಂಬದಿಂದ ವರ್ಷಕ್ಕೆ 5ರಿಂದ 8 ಕಿಲೋ ಸಿಕ್ಕರೆ ಸಮಾಧಾನಪಡಬೇಕು. ಹೂವಿದ್ದ ಕಡೆಗೆ ಸಾಗಿಸುತ್ತಾ ಹೋದರೆ ಮೆಲ್ಲಿಫೆರಾ 25ರಿಂದ 40 ಕಿಲೋವರೆಗೆ ಕೊಡುತ್ತದೆ. ಇಷ್ಟೇ ನೋಡಿದರೆ ಆಯ್ಕೆ ಸುಲಭ ಅನ್ನಿಸುತ್ತದೆ. ಆದರೆ ಮೆಲ್ಲಿಫೆರಾವನ್ನು ಒಂದೇ ಕಡೆ ಇಟ್ಟುಕೊಂಡರೆ ಹೂವಿಲ್ಲದ ತಿಂಗಳುಗಳಲ್ಲಿ ಅದರ ದೊಡ್ಡ ಸಂಸಾರವನ್ನು ಸಕ್ಕರೆ ಪಾಕ ಕೊಟ್ಟೇ ಸಾಕಬೇಕು. ಜೊತೆಗೆ ವರೋವಾ ಎಂಬ ನುಸಿಯ ಕಾಟ. ತುಡುವೆ ತನ್ನ ಮೈಮೇಲಿನ ನುಸಿಯನ್ನು ತಾನೇ ಕಿತ್ತು ಹಾಕಬಲ್ಲದು, ಮೆಲ್ಲಿಫೆರಾಕ್ಕೆ ಆ ಚಾಳಿ ಕಡಿಮೆ. ವರ್ಷವೂ ಉಪಚಾರ ಬೇಕೇ ಬೇಕು, ಅದೂ ಜೇನು ತುಂಬುವ ಕಾಲ ಬಿಟ್ಟು.

ತುಡುವೆಗೆ ಬೇರೆ ಚಾಳಿಗಳಿವೆ. ಅದು ಬೇಗ ಪಾಲಾಗುತ್ತದೆ. ಇರುವೆ, ಮೇಣದ ಹುಳು, ಹಸಿವು ಅಥವಾ ಅತಿಯಾಗಿ ಪೆಟ್ಟಿಗೆ ತೆರೆಯುವ ಯಜಮಾನ, ಯಾವುದರಿಂದ ಬೇಸತ್ತರೂ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ಭಯ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. 1991-92ರ ಸುಮಾರಿಗೆ ಇದು ಕೇರಳ, ತಮಿಳುನಾಡು, ಕರ್ನಾಟಕಗಳಲ್ಲಿ ಹರಡಿ ಸಾಕಿದ ತುಡುವೆ ಕುಟುಂಬಗಳ ಬಹುಪಾಲನ್ನು ಅಳಿಸಿಹಾಕಿತು. ಜೇನಿಗೆ ಹೆಸರಾಗಿದ್ದ ಕೊಡಗಿನಲ್ಲೂ ದಕ್ಷಿಣ ಕನ್ನಡದಲ್ಲೂ ಮನೆಮನೆಯ ಪೆಟ್ಟಿಗೆ ಬರಿದಾಗಿ ಅಟ್ಟ ಸೇರಿದ್ದು ಆಗಲೇ. ಅರವತ್ತು ದಾಟಿದ ಬಂಧುಗಳನ್ನು ಕೇಳಿದರೆ ಆ ವರ್ಷಗಳ ಕಥೆ ಹೇಳುತ್ತಾರೆ. ರೋಗ ಈಗಲೂ ಅಲ್ಲಲ್ಲಿ ಮರುಕಳಿಸುತ್ತದೆ, ಅದಕ್ಕೆ ಔಷಧವಿಲ್ಲ. ಮರಿಹುಳು ಕೋಶದೊಳಗೆ ತಲೆಯೆತ್ತಿದಂತೆ ಸತ್ತು ನೀರು ತುಂಬಿದ ಚೀಲದಂತಾಗಿದ್ದರೆ ಆ ಪೆಟ್ಟಿಗೆಯ ಚೌಕಟ್ಟು ಬೇರೆ ಪೆಟ್ಟಿಗೆಗೆ ಹೋಗಬಾರದು. ರೋಗ ತಡೆದು ಉಳಿದ ಕುಟುಂಬಗಳಿಂದಲೇ ಮುಂದಿನ ಪಾಲು ಮಾಡಿಕೊಳ್ಳಬೇಕು.

ಇವೆರಡನ್ನೂ ಒಂದೇ ತೋಟದಲ್ಲಿ ಇಡುವ ಆಸೆ ಹಲವರಿಗೆ. ಬೇಡ. ಹೂವು ಕಡಿಮೆಯಾದಾಗ ಒಂದರ ಪೆಟ್ಟಿಗೆಗೆ ಇನ್ನೊಂದು ನುಗ್ಗಿ ಜೇನು ಕದಿಯುತ್ತದೆ, ಜಗಳದಲ್ಲಿ ಸಾಯುವುದು ಸಾಮಾನ್ಯವಾಗಿ ತುಡುವೆ.

ಹೂವಿನ ಪಂಚಾಂಗ

ಮಲೆನಾಡು, ಕರಾವಳಿಯ ತುಡುವೆಯ ವರ್ಷ ಹೀಗೆ ಸಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಬರಗಾಲ. ಅಕ್ಟೋಬರ್‌ನಿಂದ ಸಂಸಾರ ಬೆಳೆಯುತ್ತದೆ, ಪಾಲಾಗುತ್ತದೆ. ಜನವರಿಯ ನಂತರ ರಬ್ಬರ್ ಚಿಗುರು, ಬೇಸಿಗೆಯ ಮೊದಲ ಮಳೆಗೆ ಅರಳುವ ಕಾಫಿ, ಆಮೇಲೆ ನೇರಳೆ, ಹೊಂಗೆ ಮತ್ತಿತರ ಕಾಡುಮರಗಳು. ಮೇ ಮುಗಿಯುವ ಹೊತ್ತಿಗೆ ವರ್ಷದ ಜೇನು ಮುಗಿಯಿತು. ರಬ್ಬರ್‌ನಲ್ಲಿ ಮಕರಂದ ಬರುವುದು ಹೂವಿನಿಂದಲ್ಲ, ಎಳೆ ಎಲೆಯ ಬುಡದ ಗ್ರಂಥಿಗಳಿಂದ. ಅಡಿಕೆ ಹಿಂಗಾರದಿಂದ ಪರಾಗ ಧಾರಾಳವಾಗಿ ಸಿಗುತ್ತದೆ, ಮರಿಗಳು ಬೆಳೆಯಲು ಅದು ಬೇಕು. ಆದರೆ ಬರೀ ಅಡಿಕೆ ತೋಟ ನಂಬಿಕೊಂಡರೆ ತುಪ್ಪದ ಕೋಣೆ ತುಂಬುವುದಿಲ್ಲ.

ತುಡುವೆ ಮೇವಿಗೆ ಹೋಗುವುದು ಹೆಚ್ಚೆಂದರೆ ಒಂದು, ಒಂದೂವರೆ ಕಿ.ಮೀ. ಆ ವೃತ್ತದೊಳಗಿನ ಹೂವೇ ಅದರ ಜಮೀನು. ಪಹಣಿಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಎಕರೆ ಇದೆ ಎನ್ನುವುದು ಅದಕ್ಕೆ ಲೆಕ್ಕಕ್ಕಿಲ್ಲ. ಒಂದೇ ಜಾಗದಲ್ಲಿ ಪೆಟ್ಟಿಗೆ ಹೆಚ್ಚಿಸುತ್ತಾ ಹೋದಂತೆ ಒಂದು ಹಂತದಲ್ಲಿ ಒಟ್ಟು ಜೇನು ಅಷ್ಟೇ ಇರುತ್ತದೆ, ಹಂಚಿಕೊಳ್ಳುವವರು ಮಾತ್ರ ಹೆಚ್ಚುತ್ತಾರೆ. ಹಾಗಾಗಿ ಕಸುಬಿನವರು ಐವತ್ತು ಪೆಟ್ಟಿಗೆಯನ್ನು ಒಂದೇ ಅಂಗಳದಲ್ಲಿ ಇಡುವುದಿಲ್ಲ. ಎರಡು ಮೂರು ಕಿ.ಮೀ. ಅಂತರದ ಮೂರ್ನಾಲ್ಕು ತೋಟಗಳಲ್ಲಿ ಹತ್ತು ಹದಿನೈದರಂತೆ ಹಂಚುತ್ತಾರೆ. ತೋಟದವರಿಗೆ ಸೀಸನ್ನಿನ ಕೊನೆಗೆ ಒಂದೆರಡು ಬಾಟಲಿ ಜೇನು ಕೊಟ್ಟರೆ ಬಾಡಿಗೆ ಕೇಳುವವರು ಕಡಿಮೆ. ಅವರ ಏಲಕ್ಕಿಗೋ ಕಾಫಿಗೋ ಪರಾಗಸ್ಪರ್ಶದ ಲಾಭ ಹೇಗೂ ಇದೆ.

ಮೆಲ್ಲಿಫೆರಾದವರಿಗೆ ಇದೇ ಪಂಚಾಂಗ ರಾಜ್ಯದ ಗಡಿ ದಾಟುತ್ತದೆ. ರಬ್ಬರ್ ಮುಗಿಸಿಕೊಂಡು ಸೂರ್ಯಕಾಂತಿಗೆ, ಎಳ್ಳಿಗೆ, ನುಗ್ಗೆಗೆ. ಲಾರಿಗೆ ಪೆಟ್ಟಿಗೆ ಏರಿಸುವುದು ಕತ್ತಲಾದ ಮೇಲೆ, ಎಲ್ಲ ಹುಳುಗಳೂ ಒಳಗೆ ಬಂದ ಬಳಿಕ. ಬಾಗಿಲಿಗೆ ಜಾಲರಿ ಬಡಿದು, ಚೌಕಟ್ಟು ಅಲ್ಲಾಡದಂತೆ ಬಿಗಿದು, ಬಿಸಿಲೇರುವ ಮುನ್ನ ಇಳಿಸಬೇಕು. ದಾರಿಯಲ್ಲಿ ಲಾರಿ ಕೆಟ್ಟು ಮಧ್ಯಾಹ್ನದವರೆಗೆ ನಿಂತರೆ ಗಾಳಿಯಿಲ್ಲದ ಪೆಟ್ಟಿಗೆಯೊಳಗೆ ಮೇಣ ಕರಗಿ ಇಡೀ ಕುಟುಂಬ ಸಾಯುತ್ತದೆ. ತುಡುವೆ ಇಂಥ ಪ್ರಯಾಣ ಸಹಿಸುವುದಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಕನ್ಯಾಕುಮಾರಿ ಜಿಲ್ಲೆಯ ಮಾರ್ತಾಂಡಂ ಕಡೆಯವರು ತುಡುವೆ ಪೆಟ್ಟಿಗೆಗಳನ್ನೇ ರಬ್ಬರ್ ತೋಟಗಳಿಗೆ ಒಯ್ಯುತ್ತಾರೆ. ಆದರೆ ಅದು ತಲೆಮಾರುಗಳ ಕೈಚಳಕ.

ಭಾನುವಾರದ ಕೆಲಸ ಅಲ್ಲ

ರಾಣಿಕೋಶದಲ್ಲಿ ಮೊಟ್ಟೆ ಬಿದ್ದ ಸುಮಾರು ಎಂಟನೇ ದಿನಕ್ಕೆ ಕೋಶದ ಬಾಯಿ ಮುಚ್ಚುತ್ತದೆ. ಹಳೆಯ ರಾಣಿ ಅರ್ಧ ಸಂಸಾರವನ್ನು ಕಟ್ಟಿಕೊಂಡು ಹೊರಡುವುದು ಹೆಚ್ಚುಕಡಿಮೆ ಆಗಲೇ. ಅಂದರೆ ಪಾಲಾಗುವ ಕಾಲದಲ್ಲಿ ವಾರಕ್ಕೊಮ್ಮೆ ಪೆಟ್ಟಿಗೆ ನೋಡದಿದ್ದರೆ ಅರ್ಧ ಕುಟುಂಬ ಪಕ್ಕದ ಊರಿನ ಮರ ಸೇರುತ್ತದೆ. ತಿಂಗಳಿಗೊಮ್ಮೆ ಮುಂಬೈಯಿಂದ ಬಸ್ಸು ಹತ್ತಿ ಬಂದು ನೋಡಿಹೋಗುವವರು ಕಸುಬಿನ ಜೇನು ಕೃಷಿ ಮಾಡಲಾರರು ಎನ್ನಲು ಈ ಒಂದು ಲೆಕ್ಕ ಸಾಕು.

ಒಂದು ಪೆಟ್ಟಿಗೆ ತೆರೆದು, ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ನೋಡಿ ಮುಚ್ಚಲು ಹತ್ತು ನಿಮಿಷ ಎಂದು ಹಿಡಿಯಿರಿ. ಐವತ್ತಕ್ಕೆ ಎಂಟು ಗಂಟೆಗೂ ಮಿಕ್ಕಿ ಬೇಕು. ಸುಡುಬಿಸಿಲಲ್ಲಿ, ಮಳೆಯಲ್ಲಿ, ಸಂಜೆಗತ್ತಲಲ್ಲಿ ತೆರೆಯುವಂತಿಲ್ಲವಾದ್ದರಿಂದ ಅದು ಎರಡು ದಿನದ ಕೆಲಸ. ಮಳೆಗಾಲದ ಆಹಾರವನ್ನೂ ಎಣಿಸಿ. ಒಂದು ಕುಟುಂಬಕ್ಕೆ ವಾರಕ್ಕೆ ಕಾಲು ಕಿಲೋ ಸಕ್ಕರೆಯ ಪಾಕ ಎಂದರೂ ಹದಿನಾರು ವಾರಕ್ಕೆ ನಾಲ್ಕು ಕಿಲೋ, ಐವತ್ತು ಪೆಟ್ಟಿಗೆಗೆ ಎರಡು ಕ್ವಿಂಟಲ್. ಎರಡು ಪೆಟ್ಟಿಗೆ ಇದ್ದಾಗ ಇದು ಅಡುಗೆಮನೆಯ ಡಬ್ಬಿಯಿಂದ ಹೋಗುತ್ತಿತ್ತು, ಯಾರೂ ಬರೆದಿಡುತ್ತಿರಲಿಲ್ಲ.

ಹವ್ಯಾಸಿಗಳಿಗೆ ಕಷ್ಟವಾಗುವ ಇನ್ನೊಂದು ಸಂಗತಿ ಮಮತೆ. ಬಡಕಲು ಕುಟುಂಬವನ್ನು ಪಾಕ ಕುಡಿಸಿ, ಇರುವೆ ಓಡಿಸಿ ತಿಂಗಳುಗಟ್ಟಲೆ ಉಳಿಸಿಕೊಳ್ಳುತ್ತಾರೆ. ಕಸುಬಿನವರು ಅದಕ್ಕೆ ರೋಗವಿಲ್ಲವೆಂದು ನೋಡಿಕೊಂಡು, ಸೋತ ರಾಣಿಯನ್ನು ತೆಗೆದು, ಹುಳುಗಳನ್ನು ಪಕ್ಕದ ಪೆಟ್ಟಿಗೆಗೆ ಸೇರಿಸಿಬಿಡುತ್ತಾರೆ. ತುಂಬು ಸಂಸಾರದ ಒಂದು ಪೆಟ್ಟಿಗೆ ಕೊಡುವಷ್ಟು ಜೇನನ್ನು ಬಡಕಲಾದ ಮೂರು ಸೇರಿ ಕೊಡುವುದಿಲ್ಲ. ಇದಕ್ಕಾಗಿ ಪ್ರತಿ ಪೆಟ್ಟಿಗೆಗೆ ಒಂದು ಸಂಖ್ಯೆ ಬೇಕು, ಒಂದು ನೋಟ್‌ಬುಕ್ ಬೇಕು. ರಾಣಿ ಯಾವ ವರ್ಷದ್ದು, ಎಂದು ಪಾಲಾಯಿತು, ಎಷ್ಟು ಜೇನು ಕೊಟ್ಟಿತು ಎಂಬುದು ಹತ್ತರವರೆಗೆ ತಲೆಯಲ್ಲಿರುತ್ತದೆ, ಆಮೇಲೆ ಇರುವುದಿಲ್ಲ.

ಪೆಟ್ಟಿಗೆಗಳ ಅಳತೆ ಒಂದೇ ಇರಬೇಕು ಎನ್ನುವುದೂ ಇಂಥದ್ದೇ. ಎರಿಗಳ ನಡುವೆ, ಎರಿ ಮತ್ತು ಗೋಡೆಯ ನಡುವೆ ಜೇನು ಓಡಾಡಲು ಬಿಡುವ ಜಾಗ ಸುಮಾರು 8 ಮಿಲಿಮೀಟರ್. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಈ ಗುಟ್ಟನ್ನು ಪೆಟ್ಟಿಗೆಗೆ ಅಳವಡಿಸಿದ ಮೇಲೆಯೇ ಎರಿ ಮುರಿಯದೆ ಜೇನು ತೆಗೆಯುವುದು ಸಾಧ್ಯವಾಯಿತು. ಕಳೆದ ಶತಮಾನದ ಆರಂಭದಲ್ಲಿ ಪಾದ್ರಿ ನ್ಯೂಟನ್ ತುಡುವೆಗೆಂದು ರೂಪಿಸಿದ ಚಿಕ್ಕ ಪೆಟ್ಟಿಗೆ ದಕ್ಷಿಣದಲ್ಲಿ ಇಂದಿಗೂ ಬಳಕೆಯಲ್ಲಿದೆ. ಊರಿನ ಮೂವರು ಬಡಗಿಗಳಿಂದ ಮೂರು ಅಳತೆಯಲ್ಲಿ ಮಾಡಿಸಿದರೆ ಒಂದರ ಚೌಕಟ್ಟು ಇನ್ನೊಂದಕ್ಕೆ ಕೂರುವುದಿಲ್ಲ. ಆಗ ಪಾಲು ಮಾಡುವುದು, ಸೇರಿಸುವುದು, ಯಂತ್ರದಲ್ಲಿ ಜೇನು ತೆಗೆಯುವುದು ಎಲ್ಲವೂ ಕಿರಿಕಿರಿ. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಅಳತೆಯ ಹಳೆ ಪೆಟ್ಟಿಗೆ ಕೊಳ್ಳಬೇಡಿ.

ಹಣದ ಲೆಕ್ಕ

ಕೆಳಗಿನ ಬೆಲೆಗಳು ಲೆಕ್ಕಕ್ಕಾಗಿ ಹಿಡಿದವು, ನಿಮ್ಮ ಊರಿನ ದರ ಹಾಕಿ ನೋಡಿ.

ಐವತ್ತು ತುಡುವೆ ಪೆಟ್ಟಿಗೆಯಲ್ಲಿ ಮಳೆಗಾಲದಲ್ಲಿ ಹತ್ತು ಖಾಲಿಯಾದವು, ಇನ್ನು ಹತ್ತು ಪಾಲಾಗಿ ಆ ವರ್ಷ ಜೇನು ಕೊಡಲಿಲ್ಲ ಎನ್ನೋಣ. ಇದು ಕೆಟ್ಟ ವರ್ಷವೇನಲ್ಲ. ಉಳಿದ ಮೂವತ್ತರಿಂದ ಆರು ಕಿಲೋದಂತೆ 180 ಕಿಲೋ. ನೇರವಾಗಿ ಗಿರಾಕಿಗೆ 500 ರೂಪಾಯಿಗೆ ಮಾರಿದರೆ 90 ಸಾವಿರ.

ಐವತ್ತು ಮೆಲ್ಲಿಫೆರಾದಲ್ಲಿ ನಲವತ್ತು ಜೇನು ಕೊಟ್ಟವು, 25 ಕಿಲೋದಂತೆ ಸಾವಿರ ಕಿಲೋ. ಇಷ್ಟನ್ನು ಬಾಟಲಿಯಲ್ಲಿ ಮಾರಲು ಹೊಸಬರಿಗೆ ಆಗುವುದಿಲ್ಲ, ಡ್ರಮ್ಮಿನಲ್ಲಿ ಸಗಟು ವ್ಯಾಪಾರಿಗೆ ಹೋಗುತ್ತದೆ. ಕಿಲೋಗೆ 120 ಸಿಕ್ಕರೆ 1 ಲಕ್ಷ 20 ಸಾವಿರ. ಲಾರಿ ಬಾಡಿಗೆ, ಹೊರಊರಿನಲ್ಲಿ ಪೆಟ್ಟಿಗೆ ಕಾಯುವವರ ಊಟ-ಕೂಲಿ, ಸಕ್ಕರೆ, ನುಸಿಯ ಉಪಚಾರ ಕಳೆಯಿರಿ. ಐದು ಪಟ್ಟು ಹೆಚ್ಚು ಜೇನು ತೆಗೆದೂ ಕೈಗೆ ಉಳಿಯುವುದು ತುಡುವೆಯವರಷ್ಟೇ, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಸಗಟು ಬೆಲೆ ಎಷ್ಟು ತೆಳು ಎಂಬುದಕ್ಕೆ ಒಂದು ಗುರುತು: 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಜೇನುತುಪ್ಪದ ರಫ್ತಿಗೆ ಟನ್ನಿಗೆ 2000 ಡಾಲರ್ ಕನಿಷ್ಠ ಬೆಲೆ ಕಟ್ಟಬೇಕಾಯಿತು. ಅಂದರೆ ಕಿಲೋಗೆ ಎರಡು ಡಾಲರ್.

ಎರಡು ಲೆಕ್ಕದಲ್ಲೂ ಸಂಬಳದ ಕೆಲಸ ಬಿಡುವಷ್ಟು ಹಣ ಕಾಣುವುದಿಲ್ಲ. ತುಡುವೆಯಲ್ಲಿ ಬದುಕು ನಡೆಸುವವರಲ್ಲಿ ಅನೇಕರ ಆದಾಯ ಬರೀ ತುಪ್ಪದ್ದಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಪಾಲು ಮಾಡಿದ ಕುಟುಂಬಗಳನ್ನು ಹೊಸಬರಿಗೆ ಮಾರುತ್ತಾರೆ. ಸ್ವಲ್ಪ ಮೇಣ, ಒಂದಿಷ್ಟು ತರಬೇತಿ. ಮೆಲ್ಲಿಫೆರಾದವರಿಗೆ ಪರಾಗಸ್ಪರ್ಶದ ಬಾಡಿಗೆ ಇದೆ. ಹಿಮಾಚಲದ ಸೇಬಿನ ತೋಟಗಳಲ್ಲಿ ಇದು ಹಳೆಯ ಪದ್ಧತಿ. ಸೂರ್ಯಕಾಂತಿ, ಈರುಳ್ಳಿ ಬೀಜೋತ್ಪಾದನೆಯಲ್ಲಿ, ಕಲ್ಲಂಗಡಿಯಲ್ಲಿ ಜೇನಿಲ್ಲದಿದ್ದರೆ ಕಾಳೂ ಇಲ್ಲ, ಕಾಯಿಯೂ ಇಲ್ಲ. ಬಾಡಿಗೆಗೆ ಕೊಡುವ ಮುನ್ನ ಔಷಧ ಸಿಂಪಡಣೆಯ ಮಾತು ಬಾಯಿಮಾತಿನಲ್ಲಿ ಬಿಡದೆ ಬರೆದುಕೊಳ್ಳಿ. ಬೆಳಿಗ್ಗೆ ಹತ್ತು ಗಂಟೆಗೆ ಹೊಡೆದ ಕೀಟನಾಶಕ ಸಂಜೆಯೊಳಗೆ ಐವತ್ತು ಪೆಟ್ಟಿಗೆಯ ಮೇವಿನ ಹುಳುಗಳನ್ನು ಮುಗಿಸಬಲ್ಲದು.

ತುಪ್ಪ ಗಿರಾಕಿಯ ಕೈಗೆ ಹೋಗುವಾಗ

ನೆಂಟರಿಗೆ ಕೊಟ್ಟ ಜೇನು ಹುಳಿ ಬಂದರೆ ಅವರು ಸುಮ್ಮನಿರುತ್ತಾರೆ. ಮಾರಿದ ಜೇನಿಗೆ ಕಾನೂನಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಂತೆ ಜೇನುತುಪ್ಪದಲ್ಲಿ ತೇವಾಂಶ ಶೇ 20 ಮೀರಬಾರದು. ತುಡುವೆಯವರಿಗೆ, ಅದರಲ್ಲೂ ಕರಾವಳಿಯವರಿಗೆ ಇದು ನಿಜವಾದ ಸಮಸ್ಯೆ. ಗಾಳಿಯೇ ತೇವ, ತುಪ್ಪವೂ ನೀರು. ಆತುರಪಟ್ಟು ಮುಚ್ಚದ ಕೋಶಗಳಿಂದ ತೆಗೆದರೆ ಇನ್ನೂ ನೀರಾಗಿ, ಬಾಟಲಿಯಲ್ಲಿ ನೊರೆ ಬಂದು ಮುಚ್ಚಳ ಹಾರುತ್ತದೆ. ಎರಿಯ ಮುಕ್ಕಾಲು ಭಾಗ ಮೇಣದಿಂದ ಮುಚ್ಚಿದ ಮೇಲೆಯೇ ಕೈ ಹಾಕಬೇಕು. ತೇವಾಂಶ ನೋಡುವ ರಿಫ್ರ್ಯಾಕ್ಟೋಮೀಟರ್ ದುಬಾರಿ ಸಾಮಾನೇನಲ್ಲ, ಎರಡನೇ ವರ್ಷವೇ ಕೊಂಡುಕೊಳ್ಳಿ. ನೀರು ಇಳಿಸಲೆಂದು ಒಲೆಯ ಮೇಲೆ ಕಾಯಿಸಿದರೆ ಎಚ್‌ಎಂಎಫ್ ಎಂಬ ಅಂಶ ಏರುತ್ತದೆ, ಅದಕ್ಕೂ ಕಿಲೋಗೆ 80 ಮಿಲಿಗ್ರಾಂ ಮಿತಿಯಿದೆ.

ಮಳೆಗಾಲದ ಸಕ್ಕರೆ ಇಲ್ಲಿ ಮತ್ತೆ ಎದುರಾಗುತ್ತದೆ. ತುಪ್ಪದ ಕೋಣೆ ಇಡುವ ಮುನ್ನವೇ ಪಾಕ ನಿಲ್ಲಿಸದಿದ್ದರೆ ಹುಳು ಅದನ್ನೂ ಎರಿಗೆ ತುಂಬುತ್ತದೆ. ಕಬ್ಬಿನ ಸಕ್ಕರೆ ಸೇರಿದ್ದನ್ನು ಸಿ4 ಸಕ್ಕರೆಯ ಪರೀಕ್ಷೆ ಹಿಡಿಯುತ್ತದೆ, ಶೇ 7 ಅದರ ಮಿತಿ. ಬೇಕೆಂದೇ ಬೆರೆಸಿಲ್ಲ ಎಂಬ ಸಮಜಾಯಿಷಿ ಪ್ರಯೋಗಾಲಯಕ್ಕೆ ಗೊತ್ತಾಗುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡ್‌ಗಳ ಜೇನು ಪರೀಕ್ಷಿಸಿ, 10 ಬ್ರ್ಯಾಂಡ್‌ಗಳು ಎನ್‌ಎಂಆರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ ಎಂದು ಹೇಳಿತ್ತು. ಕಂಪನಿಗಳು ಅದನ್ನು ಅಲ್ಲಗಳೆದವು. ಆದರೆ ಅಂದಿನಿಂದ ನಗರದ ಗಿರಾಕಿ ಗುರುತಿನವರ ಜೇನನ್ನು ಹುಡುಕತೊಡಗಿದ್ದು ನಿಜ. ಇದೇ ಗಿರಾಕಿ, ತುಪ್ಪ ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಎಂದು ಫೋನ್ ಮಾಡುವವರೂ ಹೌದು. ಸಾಸಿವೆ ಮತ್ತು ರಬ್ಬರ್ ಜೇನು ಬೇಗ ಹರಳಾಗುವುದು ಅದರ ಗುಣ ಎಂದು ಲೇಬಲ್ಲಿನಲ್ಲೇ ಬರೆದುಬಿಡಿ.

ಹೊರನಾಡಿನ ಕನ್ನಡಿಗರಿಗೆ ಇರುವ ನಿಜವಾದ ಬಲವೂ ಇಲ್ಲೇ. ವಾರಕ್ಕೊಮ್ಮೆ ಪೆಟ್ಟಿಗೆ ತೆರೆಯಲು ನಿಮಗೆ ಆಗದು, ಊರಿನ ತಮ್ಮನಿಗೋ ಅಕ್ಕನ ಮಗನಿಗೋ ಆಗುತ್ತದೆ. 180 ಕಿಲೋ ಜೇನನ್ನು ಒಳ್ಳೆಯ ಬೆಲೆಗೆ ಮಾರಲು ಊರಿನಲ್ಲಿ ಅವರಿಗೆ ಆಗದು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು, ಕನ್ನಡ ಸಂಘದ ರಾಜ್ಯೋತ್ಸವ ಇರುವ ನಿಮಗೆ ಆಗುತ್ತದೆ. ನೋಂದಣಿ, ಲೇಬಲ್, ಪ್ರಯೋಗಾಲಯದ ವರದಿ, ಕೊರಿಯರ್ ನೀವು ನೋಡಿಕೊಂಡು ಜೇನು ಅವರು ನೋಡಿಕೊಂಡರೆ ಇಬ್ಬರೂ ಕೆಲಸ ಬಿಡದೆ ಐವತ್ತು ಪೆಟ್ಟಿಗೆ ನಡೆಸಬಹುದು. ಲಾಭ ಹೇಗೆ ಹಂಚಿಕೆ, ಕುಟುಂಬ ಸತ್ತರೆ ನಷ್ಟ ಯಾರದು ಎನ್ನುವುದನ್ನು ಮೊದಲ ಪೆಟ್ಟಿಗೆ ಕೊಳ್ಳುವ ಮುನ್ನ ಮಾತಾಡಿಕೊಳ್ಳಿ.

ಕಲಿಯುವುದು ಎಲ್ಲಿ, ಶುರು ಯಾವಾಗ

ಪುಣೆಯಲ್ಲಿರುವವರಿಗೆ ಶಿವಾಜಿನಗರದಲ್ಲೇ ಖಾದಿ ಆಯೋಗದ ಕೇಂದ್ರೀಯ ಜೇನು ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಇದೆ, 1962ರಲ್ಲಿ ಶುರುವಾದದ್ದು. ವಾರಾಂತ್ಯದಲ್ಲಿ ಮಹಾಬಲೇಶ್ವರದ ಕಡೆ ಹೋದರೆ 2022ರಲ್ಲಿ ಮಹಾರಾಷ್ಟ್ರ 'ಜೇನಿನ ಊರು' ಎಂದು ಘೋಷಿಸಿದ ಮಾಂಘರ್ ಹಳ್ಳಿಯನ್ನು ನೋಡಬಹುದು. ಕರ್ನಾಟಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ತೋಟಗಾರಿಕೆ ಇಲಾಖೆಯ ಭಾಗಮಂಡಲ ತರಬೇತಿ ಕೇಂದ್ರಗಳಿವೆ. ಕೊಡಗು ಮತ್ತು ಪುತ್ತೂರಿನ ಜೇನು ಸಹಕಾರ ಸಂಘಗಳು ಹಳೆಯವು. ಜೇನು ಸಾಕುವವರ ನೋಂದಣಿಗೆ 2021ರಿಂದ ಕೇಂದ್ರದ ಮಧುಕ್ರಾಂತಿ ಪೋರ್ಟಲ್ ಇದೆ. ಸಹಾಯಧನ ಬೇಕಿದ್ದರೆ ರಾಷ್ಟ್ರೀಯ ಜೇನು ಮಿಷನ್ ಮತ್ತು ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಸಹಾಯಧನ ಪೆಟ್ಟಿಗೆ ಕೊಳ್ಳಲು ನೆರವಾಗುತ್ತದೆ, ಆಗಸ್ಟಿನ ಸಕ್ಕರೆಗೆ ಬರುವುದಿಲ್ಲ.

ಪೆಟ್ಟಿಗೆ ಹೆಚ್ಚಿಸುವುದನ್ನು ಕೊಂಡು ಮಾಡುವುದಕ್ಕಿಂತ ಇರುವವನ್ನೇ ಪಾಲು ಮಾಡಿ ಮಾಡುವುದು ಒಳ್ಳೆಯದು. ಹತ್ತು ಕುಟುಂಬ ಒಂದು ಮಳೆಗಾಲ ದಾಟಿದ ಮೇಲೆ ಎಂಟಾದರೂ ಉಳಿದಿದ್ದರೆ ಅಕ್ಟೋಬರ್-ನವೆಂಬರಿನಲ್ಲಿ ಅವುಗಳಿಂದ ಹದಿನಾರು ಮಾಡಿಕೊಳ್ಳಿ. ನಾಲ್ಕೇ ಉಳಿದಿದ್ದರೆ ಆ ವರ್ಷ ಪೆಟ್ಟಿಗೆ ಹೆಚ್ಚಿಸುವ ಮಾತು ಬಿಟ್ಟು, ಉಳಿದ ಆರು ಏಕೆ ಹೋದವು ಎಂದು ನೋಟ್‌ಬುಕ್ ತೆಗೆದು ನೋಡಬೇಕು. ಮುಂದಿನ ಜೂನ್‌ಗೆ ಇನ್ನೂ ಏಳು ತಿಂಗಳಿರುತ್ತದೆ.